ಅವ್ವನ ಹಾಜರಿ

ಬೈಲಹೊಂಗಲದ ಕಾಲೇಜಿನ ಕಚೇರಿಯಲ್ಲಿ ಆ ದಿನ ನಾವು ಕೆಲವೇ ಮಂದಿ ಇದ್ದೆವು. ಮೇಜಿನ ಆಚೆ ಕ್ಲಾರ್ಕು. ಈಚೆ, ಕಿತ್ತೂರಿನಿಂದ ಬಿ.ಎ. ಸೇರಲು ಬಂದ ನಾನು. ನನ್ನ ಬೆನ್ನಿಗೆ, ನಾನೆಲ್ಲಿ ಓಡಿಹೋಗುತ್ತೇನೋ ಎಂಬಂತೆ ನಿಂತ ನನ್ನ ಅಪ್ಪ. ಕಿಟಕಿಯ ಹತ್ತಿರ ಮುರಗೋಡದ ಇಬ್ಬರು ಹುಡುಗರು. ಬಾಗಿಲಲ್ಲಿ ಚಹಾದ ಕಿಟ್ಲಿ ಹಿಡಿದ ಜವಾನ. ಎಪ್ಪತ್ತರ ದಶಕ ಆಗಷ್ಟೇ ಶುರುವಾಗಿತ್ತು. ಹೊರಗೆ ಜೂನಿನ ಮೋಡ ಕಟ್ಟಿತ್ತು, ಮಳೆ ಮಾತ್ರ ಮನಸ್ಸು ಮಾಡಿರಲಿಲ್ಲ.

ಆಗ ಒಳಗೆ ಬಂದವರು ಅವರು. ಕಚ್ಚೆ ಧೋತರ, ಬಿಳಿ ಅಂಗಿ, ತಲೆಗೆ ಪಟಕಾ, ಹಣೆಗೆ ವಿಭೂತಿ, ಬಗಲಲ್ಲಿ ಕೊಡೆ. ಕಚೇರಿಯನ್ನೂ ಮಠವೆಂದು ತಿಳಿದವರಂತೆ ಚಪ್ಪಲಿಯನ್ನು ಹೊಸ್ತಿಲಾಚೆ ಬಿಟ್ಟು ಬಂದು, "ಶರಣ್ರಿ ಎಲ್ಲಾರಿಗೂ" ಎಂದರು. ಅವರ ಹಿಂದೆ ಗೋಡೆಗೆ ಹತ್ತಿಕೊಂಡು ಒಬ್ಬ ಹುಡುಗಿ ನಿಂತಳು.

"ಏನಾಗಬೇಕಿತ್ರಿ?" ಎಂದ ಕ್ಲಾರ್ಕು.

"ನಮ್ಮವ್ವನ ಹೆಸರ ಹಚ್ಚೂದಿತ್ರಿ. ಬಿ.ಎ.ಕ್ಕ."

ಕ್ಲಾರ್ಕಿನ ಪೆನ್ನು ನಿಂತಿತು. "ಯಾರದು?"

"ನಮ್ಮವ್ವಂದ್ರಿ."

"ವಯಸ್ಸೆಷ್ಟ್ರಿ ನಿಮ್ಮವ್ವಗ?"

"ಹದಿನೆಂಟ ತುಂಬ್ಯಾವ್ರಿ."

"ಮತ್ತ ನಿಮಗ?"

"ನನಗ ಐವತ್ತಕ್ಕ ಬಂತ್ರಿ."

ಜವಾನ ನಕ್ಕ ರಭಸಕ್ಕೆ ಕಿಟ್ಲಿಯ ಚಹಾ ನೆಲಕ್ಕೆ ತುಳುಕಿತು. ಮುರಗೋಡದ ಹುಡುಗರು ಕಿಟಕಿಯ ಕಡೆ ಮುಖ ತಿರುಗಿಸಿ ಹೆಗಲು ಕುಣಿಸತೊಡಗಿದರು. ನಗದೇ ಇದ್ದವರು ಇಬ್ಬರೇ. ಒಬ್ಬಳು ಆ ಹುಡುಗಿ. ಇನ್ನೊಬ್ಬ ನನ್ನ ಅಪ್ಪ. ಅಪ್ಪನಿಗೆ ವಿಷಯ ತಟ್ಟನೆ ತಿಳಿದಿತ್ತು. "ಸಾಹೇಬ್ರ, ಅಕಿ ಅವರ ಮಗಳ್ರಿ. ಅವರವ್ವನ ಹೆಸರ ಇಟ್ಟಾರ ಅಂತ ಕಾಣಸ್ತೈತಿ" ಎಂದ.

ನಮ್ಮ ಕಡೆಯ ರೂಢಿ ಅದು. ತೀರಿಕೊಂಡ ತಾಯಿಯ ಹೆಸರನ್ನು ಮಗಳಿಗೆ ಇಟ್ಟ ಮೇಲೆ ಆ ಮಗಳನ್ನು ಹೆಸರು ಹಿಡಿದು ಕರೆಯುವುದುಂಟೇ? ಹೆತ್ತ ತಾಯಿಯನ್ನು ಏಕವಚನದಲ್ಲಿ ಕೂಗಿದಂತೆ. ಹಾಗಾಗಿ ತೊಟ್ಟಿಲಿನಲ್ಲಿರುವಾಗಿನಿಂದಲೇ ಆಕೆ 'ಅವ್ವ'. ಬೈದರೂ ಅವ್ವ, ಮುದ್ದು ಮಾಡಿದರೂ ಅವ್ವ.

"ಆತು ಬಿಡ್ರಿ. ಹೆಸರರ ಹೇಳ್ರಿ, ಬರಕೋಬೇಕಲ್ಲ" ಎಂದ ಕ್ಲಾರ್ಕು.

ಅವರು ಸೂರು ನೋಡಿದರು, ಕೊಡೆಯ ಹಿಡಿಕೆ ನೋಡಿದರು, ಕೊನೆಗೆ ಹಿಂತಿರುಗಿ, "ಹೇಳವ್ವಾ" ಎಂದರು.

"ನೀಲವ್ವ" ಎಂದಳು ಹುಡುಗಿ. ಮೇಜಿನ ತನಕವೂ ಮುಟ್ಟದ ದನಿ. ಕ್ಲಾರ್ಕು ಎರಡು ಸಲ ಕೇಳಿ ಬರೆದುಕೊಂಡ.

ಆ ಮನುಷ್ಯನ ಹೆಸರು ನಮಗೆ ಆಮೇಲೂ ಬೇಕಾಗಲಿಲ್ಲ. ಇಡೀ ಕಾಲೇಜಿಗೆ ಅವರು 'ಕಾಕಾ'. ಹೆಸರು ಗೊತ್ತಿಲ್ಲವೆಂದಲ್ಲ, ಈಗಲೂ ಬರೆಯಲು ಕೈ ಬರುವುದಿಲ್ಲ. ಅವರಿಂದಲೇ ಕಲಿತ ಸಂಕೋಚ ಇರಬೇಕು.

ಕಾಕಾನ ಊರು ಬೈಲಹೊಂಗಲದಿಂದ ಸವದತ್ತಿ ಹಾದಿಗೆ ಒಂದು ಹಳ್ಳಿ. ಮನೆಯಲ್ಲಿ ಹೊಲ, ಎತ್ತು, ಮಾತು ಎಲ್ಲ ಅಣ್ಣನ ಕೈಯಲ್ಲಿ. ಊರವರು ಆ ಅಣ್ಣನನ್ನು 'ಹಿರೇರು' ಎನ್ನುತ್ತಿದ್ದರು. ನೀಲವ್ವ ಪಿ.ಯು.ಸಿ. ಮುಗಿಸಿದ್ದು ಬೈಲಹೊಂಗಲದಲ್ಲಿ ಸೋದರತ್ತೆಯ ಮನೆಯಲ್ಲಿದ್ದು. ಆ ಅತ್ತೆಯ ಸಂಸಾರ ಹುಬ್ಬಳ್ಳಿಗೆ ಹೋದ ಮೇಲೆ ಓದೂ ನಿಲ್ಲಬೇಕಿತ್ತು. ನಿಲ್ಲದ ಕತೆಯನ್ನು ಕಾಕಾ ನಮಗೆ ಹೇಳಿದ್ದು ಹೀಗೆ:

"ನಮ್ಮಣ್ಣ ಅಂದ, ಹರೇದ ಹುಡುಗಿನ್ನ ಒಬ್ಬಾಕಿನ್ನ ಬಸ್ಸಿನ್ಯಾಗ ಕಳಸೂದಿಲ್ಲ, ಮನ್ಯಾಂದೊಂದು ಹಿರೇ ಜೀವ ಜೋಡಿ ಇರಬೇಕು. ನಾ ಅಂದೆ, ನಾ ಹೋಗ್ತೇನಿ. ಅಂವ ಅಂದ, ದಿನಾ? ನಾ ಅಂದೆ, ದಿನಾ. ಅಂವ ಅಂದ, ನೀ ಎಂದ ಮನ್ಯಾಗ ಕುಂದರತಿ, ಅಂದ ಅಕಿದೂ ಮುಗೀತು. ನಾ ಅಂದೆ, ಹೂಂ."

ಹೀಗೆ ಒಬ್ಬಳು ಬಿ.ಎ. ಓದಲು ಇಬ್ಬರು ಕಾಲೇಜಿಗೆ ಬರತೊಡಗಿದರು. ಮೊದಲ ಕೆಲವು ದಿನ ಕಾಕಾ ವರಾಂಡದಲ್ಲಿ ಕಂಬಕ್ಕೆ ಆತು ಕೂತರು. ಆಮೇಲೆ ಮಳೆ ಹಿಡಿಯಿತು. ಕೊಡೆ ಬಿಚ್ಚಿಕೊಂಡು ವರಾಂಡದಲ್ಲೇ ಕೂತಿದ್ದ ಅವರನ್ನು ಕಂಡ ಪ್ರಿನ್ಸಿಪಾಲರು, "ಒಳಗ ಬಂದು ಕುಂದರ್ರಿ ಯಜಮಾನ್ರ, ಗದ್ದಲ ಮಾಡಬ್ಯಾಡ್ರಿ ಅಷ್ಟ" ಎಂದರು. ಅಂದಿನಿಂದ ಕೊನೆಯ ಬೆಂಚು ಕಾಕಾನದು. ಚಪ್ಪಲಿ ಬಾಗಿಲ ಹೊರಗೆ, ಕೊಡೆ ಬೆಂಚಿನ ಕೆಳಗೆ, ಕಾಲು ಮಡಚಿ ಬೆಂಚಿನ ಮೇಲೆ. ಆ ಬೆಂಚಿನಲ್ಲಿ ಅವರ ಮಗ್ಗುಲಿಗೆ ಕೂರುತ್ತಿದ್ದವನು ನಾನು. ಹುಡುಗಿಯರು ಮುಂದಿನ ಬೆಂಚಿನಲ್ಲಿ. ಮಗಳ ಜಡೆಯಷ್ಟೇ ಅಪ್ಪನಿಗೆ ಕಾಣುತ್ತಿತ್ತು.

ಕಾವಲಿಗೆಂದು ಬಂದ ಮನುಷ್ಯ, ನಿಜ. ಆದರೆ ಹುಡುಗರ ಕಡೆ ಅನುಮಾನದ ಕಣ್ಣು ಬಿಟ್ಟಿದ್ದನ್ನು ನಾನು ಕಾಣೆ. ನೀಲವ್ವ ಗೆಳತಿಯರ ಜೊತೆ ನಗುವಾಗಲೋ, ಯಾವನಾದರೂ ಹುಡುಗ ಪುಸ್ತಕ ಕೇಳಲು ಅವಳ ಬೆಂಚಿನ ಹತ್ತಿರ ನಿಂತಾಗಲೋ, ಕಾಕಾಗೆ ಕೊಡೆಯ ಕಡ್ಡಿ ಸರಿಮಾಡುವ ಕೆಲಸ ನೆನಪಾಗುತ್ತಿತ್ತು. ಬಗ್ಗಿ ಅದರಲ್ಲೇ ಮುಳುಗಿಬಿಡುತ್ತಿದ್ದರು. ಅಷ್ಟು ರಿಪೇರಿಯಾದ ಕೊಡೆ ನಮ್ಮ ತಾಲೂಕಿನಲ್ಲಿ ಇನ್ನೊಂದಿರಲಿಕ್ಕಿಲ್ಲ.

ಅಂಗಿಯ ಕಿಸೆಯಲ್ಲಿ ಹುರಿದ ಶೇಂಗಾ ಇರುತ್ತಿತ್ತು. ಪಾಠದ ನಡುವೆ ತಿನ್ನಬಾರದೆಂಬ ನಿಯಮ ತಿಳಿದಿತ್ತು. ಹಾಗಾಗಿ ಒಂದೊಂದೇ ಕಾಳನ್ನು ಸದ್ದಿಲ್ಲದೆ ಬಾಯಿಗಿಟ್ಟು ಚೀಪುತ್ತಿದ್ದರು. ಇಂಗ್ಲಿಷ್ ಪಾಠ ಮಾತ್ರ ಕಣ್ಣು ಮುಚ್ಚದೆ ಕೇಳುತ್ತಿದ್ದರು. ಒಂದಕ್ಷರ ತಿಳಿಯುತ್ತಿರಲಿಲ್ಲವಲ್ಲ, ಅದಕ್ಕೇ. "ತಿಳೀದ್ದು ಕೇಳಿದ್ರ ನಿದ್ದಿ ಬರತೈತಿ, ತಿಳೀಲಾರದ್ದು ಕೇಳಿದ್ರ ಎಚ್ಚರಿರತೈತಿ" ಎನ್ನುತ್ತಿದ್ದರು. ಒಂದು ಸಲ ಇಂಗ್ಲಿಷ್ ಸರ್ ಯಾವುದೋ ರಾಜನ ನಾಟಕವನ್ನು ಕೈ ಎತ್ತಿ ಕಣ್ಣು ಹೊರಳಿಸಿ ಓದಿ ಮುಗಿಸಿದಾಗ ಕಾಕಾ ಎದ್ದು ನಿಂತು ಕೈ ಮುಗಿದರು.

"ಸರ, ಒಂದ್ ಕೇಳ್ಲ್ಯಾ? ಆ ರಾಜಾ ಕಡೀಕ ಉಳದ್ನೇನ್ರಿ?"

"ಇಲ್ರಿ. ಸತ್ತ."

"ಸತ್ತ?" ಕಾಕಾ ಕೂತುಬಿಟ್ಟರು. ಆ ಮಧ್ಯಾಹ್ನ ಬುತ್ತಿ ಬಿಚ್ಚಿದಾಗ ರೊಟ್ಟಿ ಮುರಿದು ಹಾಗೇ ಇಟ್ಟು, "ಉಂಡ ಮ್ಯಾಲ ಹೇಳಬೇಕಿತ್ತು ಇಂಥಾದ್ದು" ಎಂದರು. ಅವರ ಪಾಲಿನ ಎಣ್ಣೆಗಾಯಿ ಬದನೆಕಾಯಿ ನಮ್ಮ ಪಾಲಾಯಿತು.

ಬುತ್ತಿಯ ಮಾತು ಬಂದದ್ದಕ್ಕೆ ಹೇಳುತ್ತೇನೆ. ಕೋಣೆ ಹಿಡಿದು ಓದುತ್ತಿದ್ದ ನಮ್ಮಂಥವರಿಗೆ ಅಪ್ಪ ಅವ್ವ ಎಂದರೆ ಸಂತೆಯ ದಿನ ಬರುವ ರೊಟ್ಟಿಯ ಗಂಟು. ಗಂಟಿನ ಜೊತೆ ಅಪ್ಪಂದಿರೂ ಬರುತ್ತಿದ್ದರು. ಬಂದವರು ನಮ್ಮನ್ನು ಕೇಳುವುದು ಮೂರೇ ಮಾತು: ಉಂಡ್ಯಾ, ಓದಿದ್ಯಾ, ಊರಿಗೆ ಯಾವಾಗ ಬರತಿ. ಉಳಿದದ್ದನ್ನೆಲ್ಲ ಕಾಕಾನನ್ನು ಕೇಳುತ್ತಿದ್ದರು. ಮಕ್ಕಳ ಜೊತೆ ತರಗತಿಯಲ್ಲೇ ಕೂತ ಅಪ್ಪ ಅವರೊಬ್ಬರೇ ತಾನೆ. ಕಿತ್ತೂರಿನ ಹೈವೇ ಬದಿಗೆ ಲಾರಿಗಳ ಗಾಲಿಗೆ ಪಂಕ್ಚರ್ ಹಾಕುವ ನನ್ನ ಅಪ್ಪ ಒಂದು ಸಂತೆಯ ದಿನ ಬಂದು ಕಾಕಾನನ್ನು ಬೇವಿನ ಗಿಡದ ಕೆಳಗೆ ಹಿಡಿದ.

"ನಮ್ಮ ಹುಡುಗ ಖರೇನ ಓದ್ತಾನೇನ್ರಿ? ಇಲ್ಲಾ ಮಲಗತಾನ್ರಿ?"

"ಮಲಗೂದಿಲ್ರಿ. ಇದನ್ನ ಆಣಿ ಮಾಡಿ ಹೇಳತೇನಿ" ಎಂದರು ಕಾಕಾ. "ಯಾಕಂದ್ರ ಮಲಗಾವ ನಾನು, ಮೊಣಕೈಲೆ ತಿವದು ಎಬ್ಬಸಾವ ಅಂವ."

ಅದು ಸುಳ್ಳಲ್ಲ. ಅರ್ಥಶಾಸ್ತ್ರದ ಪಾಠ ಶುರುವಾಗುವ ಮುನ್ನ ಕಾಕಾನನ್ನು ಎಬ್ಬಿಸುವುದು ನನಗೆ ಬಿದ್ದ ಕೆಲಸವಾಗಿತ್ತು. ಯಾಕೆಂದರೆ ಅರ್ಥಶಾಸ್ತ್ರದ ಸರ್ ಹಾಜರಿ ವಿಷಯದಲ್ಲಿ ಬಹಳ ಕಟ್ಟುನಿಟ್ಟು. ಹಾಜರಿ ಕಡಿಮೆ ಬಿದ್ದವರನ್ನು ಯುನಿವರ್ಸಿಟಿ ಪರೀಕ್ಷೆಗೆ ಕೂಡಿಸುವುದಿಲ್ಲ ಎಂದು ಮೊದಲ ದಿನವೇ ಹೇಳಿದ್ದರು. ಅವರು ಮೈಸೂರು ಕಡೆಯವರು. ಹೊಸದಾಗಿ ಬಂದಿದ್ದರು. ನಂಬರು ಕೂಗುತ್ತಿದ್ದರು, ತಲೆ ಎತ್ತುತ್ತಿರಲಿಲ್ಲ. ದನಿ ಕೇಳಿದರೆ ಗೀಟು, ಕೇಳದಿದ್ದರೆ ಸೊನ್ನೆ.

ನೀಲವ್ವನ ನಂಬರು ಮೂವತ್ತೊಂಬತ್ತು. "ಥರ್ಟಿ ನೈನ್!" ಎಂದಾಗ ಅವಳ 'ಎಸ್ ಸರ್' ಅವಳ ತುಟಿಯನ್ನೂ ದಾಟುತ್ತಿರಲಿಲ್ಲ. ಸರ್ ಸೊನ್ನೆ ಹಾಕುವಷ್ಟರಲ್ಲಿ ಹಿಂದಿನ ಬೆಂಚಿನಿಂದ ಕಾಕಾ, ಹೊಲದ ಬದುವಿನಿಂದ ಬದುವಿಗೆ ಕೂಗುವ ದನಿಯಲ್ಲಿ, "ಅದಾಳ್ರೀ ಸರಾ!" ಎನ್ನುತ್ತಿದ್ದರು. ಇಡೀ ತರಗತಿ ಹಿಂತಿರುಗಿ ನೋಡುತ್ತಿತ್ತು. ಮುಂದಿನ ಬೆಂಚಿನಲ್ಲಿ ಒಂದು ಜಡೆ ಮಾತ್ರ ತಿರುಗುತ್ತಿರಲಿಲ್ಲ. ಇನ್ನಷ್ಟು ಕೆಳಗೆ ಬಗ್ಗುತ್ತಿತ್ತು.

ಕೆಲವು ದಿನ ನಡೆಯಿತು. ಒಂದು ದಿನ ಸರ್ ಪೆನ್ನು ಕೆಳಗಿಟ್ಟರು.

"ನೋಡಿ ಯಜಮಾನ್ರೇ, ಆಕೆ ಇದಾರೆ ಅಂತ ನೀವು ಹೇಳಿದ್ರೆ ಆಗಲ್ಲ. ಆಕೇನೇ ಹೇಳ್ಬೇಕು. ನಾಳೆಯಿಂದ ನೀವು ಹೇಳಿದ್ರೆ ಆಬ್ಸೆಂಟು ಅಂತಲೇ ಬರ್ಕೋತೀನಿ."

ಆ ಸಂಜೆ ಬಸ್ ಸ್ಟ್ಯಾಂಡಿನಲ್ಲಿ ನೀಲವ್ವ ಅಳುತ್ತಿದ್ದಳು. "ಯಪ್ಪಾ, ನೀ ಒದರಬ್ಯಾಡಾ. ಮಂದಿ ನಗತಾರ. ನಾ ದಿನಾ ಸಾಯತೇನಿ ಅಲ್ಲಿ" ಎಂದಳು. ಅಪ್ಪನ ಜೊತೆ ಅವಳು ಅಷ್ಟು ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಕಾಕಾ ಕೊಡೆಯ ತುದಿಯಿಂದ ನೆಲ ಕೆದರಿದರು.

"ಅಲ್ಲವ್ವಾ, ಸಣ್ಣಾಕಿದ್ದಾಗ ಜ್ವಾಳದ ಹೊಲ್ದಾಗ ಅಟ್ಟ ಹತ್ತಿ ಹಕ್ಕಿ ಕಾಯ್ತಿದ್ದಿ, ಹೌದಿಲ್ಲೊ?"

"ಹೂಂ."

"ಆಗ ಹೆಂಗ ಒದರತಿದ್ದಿ? ಆ ದಂಡೀ ಹೊಲದ ಹಕ್ಕಿನೂ ಏಳತಿದ್ದು. ಈ ಸರ್ ಒಂದ್ ಹಕ್ಕಿ ಅಂತ ತಿಳಕೊ. ನೀ ಒದರಿದ್ರ ನಾ ಯಾಕ ಒದರಲಿ?"

ನೀಲವ್ವ ಅಳುತ್ತಲೇ ನಕ್ಕಳು. ಮರುದಿನ ಸರ್ "ಥರ್ಟಿ ನೈನ್!" ಎಂದದ್ದೇ ತಡ, ಹುಡುಗಿ ಎದ್ದು ನಿಂತು, ಕಣ್ಣು ಮುಚ್ಚಿ, ಎದೆಯಿಂದ ಎಳೆದು ಕೂಗಿದಳು: "ಅದೇನ್ರೀ ಸರಾ!"

ನಮ್ಮ ಮಾತಿನಲ್ಲಿ 'ಅದೇನಿ' ಎಂದರೆ 'ಇದ್ದೇನೆ'. ಮೈಸೂರಿನ ಕಿವಿಗೆ ಅದು ಬೇರೆಯೇ ಕೇಳಿಸಿತು. ಸರ್ ಬೆಚ್ಚಿ ತಲೆ ಎತ್ತಿ, "ಅದೇನೂ ಇಲ್ಲಮ್ಮಾ... ಅಟೆಂಡೆನ್ಸು ಅಷ್ಟೇ" ಎಂದರು.

ತರಗತಿ ಬಿದ್ದು ಬಿದ್ದು ನಕ್ಕಿತು. ಕಾಕಾ ಮಾತ್ರ ನಗದೆ ಎದ್ದು ನಿಂತು ವಿವರಿಸಿದರು: "ಅದೇನು ಅಂತ ಕೇಳಿಲ್ರಿ ಅಕಿ. ಅದೇನಿ ಅಂತ ಹೇಳ್ಯಾಳ್ರಿ." ಸರ್ ಇನ್ನಷ್ಟು ಗೊಂದಲಕ್ಕೆ ಬಿದ್ದರು. ತಿಳಿಯುವ ಹೊತ್ತಿಗೆ ಅವರೂ ನಗುತ್ತಿದ್ದರು. ಆಮೇಲೆ ನಾವೆಲ್ಲ ಎಸ್ ಸರ್ ಬಿಟ್ಟು ಅದೇನ್ರಿ ಸರ ಎನ್ನುವುದನ್ನೇ ರೂಢಿ ಮಾಡಿಕೊಂಡೆವು. ನೀಲವ್ವನ ತಲೆ ಅಂದಿನಿಂದ ಮೇಲೆದ್ದಿತು. ಗೆಳತಿಯರ ನಡುವೆ ಮಾತಾಡುವಾಗ ಅವಳ ದನಿ ಹಿಂದಿನ ಬೆಂಚಿಗೂ ಬರತೊಡಗಿತು. ಅದು ಕೇಳಿದಾಗಲೆಲ್ಲ ಕಾಕಾ ಒಂದು ಶೇಂಗಾಕಾಳು ಬಾಯಿಗೆ ಹಾಕಿಕೊಂಡು, ನಿಯಮ ಮರೆತು, ಕಟಕ್ಕನೆ ಕಡಿಯುತ್ತಿದ್ದರು.

ಕಾಕಾ ನಮಗೂ ಅಪ್ಪನೇ ಆಗಿದ್ದರು ಎಂದರೆ ಹೆಚ್ಚಾಗುವುದಿಲ್ಲ. ಪಾಠ ತಪ್ಪಿಸಿ ಟೂರಿಂಗ್ ಟಾಕೀಜಿಗೆ ಹೋಗಿ ಬಂದ ಮುರಗೋಡದ ಹುಡುಗರನ್ನು ಗೇಟಿನಲ್ಲಿ ನಿಲ್ಲಿಸಿ, "ಕತಿ ಹೇಳ್ರಿ" ಎಂದು ಪೂರ್ತಿ ಕತೆ ಕೇಳಿಸಿಕೊಂಡು, ಹಾಡು ಹೇಳಿಸಿಕೊಂಡು, ಕೊನೆಗೆ "ಇನ್ನ ಇವತ್ತಿನ ಪಾಠದ ಕತಿ ಹೇಳ್ರಿ" ಎಂದು ಕೇಳುತ್ತಿದ್ದರು. ಆದರೆ ಹುಡುಗರ ಊರಿಗೆ ಸುದ್ದಿ ಮುಟ್ಟಿಸುತ್ತಿರಲಿಲ್ಲ. "ನಾ ಒಬ್ಬಾಕಿನ್ನ ಕಾಯಾಕ ಬಂದಾವ. ನಿಮ್ಮನ್ನೂ ಕಾಯಂದ್ರ ಕೊಡಿ ಸಾಲೂದಿಲ್ಲ" ಎನ್ನುತ್ತಿದ್ದರು. ಕೊಡಿ ಎಂದರೆ ನಮ್ಮ ಮಾತಿನಲ್ಲಿ ಕೊಡೆ. ಪರೀಕ್ಷೆ ಬಂತೆಂದರೆ ಮಾತ್ರ ಅವರ ಬುತ್ತಿಯ ಗಂಟು ನಮಗೂ ಸೇರಿ ದೊಡ್ಡದಾಗುತ್ತಿತ್ತು.

ಕೊನೆಯ ವರ್ಷ ದೀಪಾವಳಿ ಕಳೆದ ಮೇಲೆ ಒಂದು ಸಂಜೆ ಕಾಕಾ ಬಸ್ ಸ್ಟ್ಯಾಂಡಿನ ಕಟ್ಟೆಯ ಮೇಲೆ ಒಬ್ಬರೇ ಕೂತಿದ್ದರು. ನೀಲವ್ವ ದೂರದಲ್ಲಿ ಪುಸ್ತಕ ಎದೆಗವಚಿಕೊಂಡು ಬಸ್ಸಿನ ಹಾದಿ ನೋಡುತ್ತಿದ್ದಳು.

"ಸವದತ್ತಿಯಿಂದ ವರ ಬಂದೈತಿ" ಎಂದರು ಕಾಕಾ. "ಛಲೋ ಮನಿತಾನ. ಅಣ್ಣ ಒಪ್ಪಿಕೊಂಡಾನ. ಮಾಘದಾಗ ಲಗ್ನ."

"ಪರೀಕ್ಷೆ?" ಎಂದೆ. ಪರೀಕ್ಷೆ ಇದ್ದದ್ದು ಯುಗಾದಿಯ ಆಚೆ.

"ಸಂಕ್ರಾಂತಿತನಕ ಹೋಗ್ಲಿ, ಆಮ್ಯಾಲ ಸಾಕು ಅಂದಾನ."

"ನೀವೇನಂದ್ರಿ ಕಾಕಾ?"

"ಹೂಂ ಅಂದೆ."

ನನಗೆ ಸಿಟ್ಟು ಬಂತು. "ಹೂಂ ಯಾಕಂದ್ರಿ? ಇಷ್ಟ ವರ್ಷ ಬೆಂಚ್ ಕಾದಿದ್ದು ಅದಕ್ಕೇನು?"

"ನಮ್ಮಣ್ಣಗ ಅನ್ನಾಕ ನನ್ನ ಬಾಯಾಗ ಬ್ಯಾರೆ ಶಬ್ದನ ಇಲ್ಲಪಾ" ಎಂದರು. "ಅಪ್ಪ ಹೋದಾಗ ನಾ ಸಣ್ಣಾಂವ. ಹೆಗಲಮ್ಯಾಲ ಕುಂಡರಿಸಿಕೊಂಡು ದೊಡ್ಡಾಂವನ್ನ ಮಾಡ್ಯಾನ." ಆಮೇಲೆ ಕೊಡೆಯ ಕಡ್ಡಿ ಸರಿಮಾಡುತ್ತ, "ಅಂವ ಕೆಟ್ಟಾಂವಲ್ಲ. ಅಂವಗ ಯಾರೂ ಕಾಲೇಜ ತೋರಿಸಿಲ್ಲ, ಅಷ್ಟ" ಎಂದರು.

ಅದಾದ ವಾರದಲ್ಲೇ ಸುದ್ದಿ ಬಂತು: ಕಾಕಾ ಕಣದಲ್ಲಿ ಜಾರಿ ಬಿದ್ದು ಬಲಗಾಲು ಉಳುಕಿಸಿಕೊಂಡಿದ್ದಾರೆ, ಎದ್ದು ನಡೆಯುವ ಹಾಗಿಲ್ಲ. ಇನ್ನು ಮೂವತ್ತೊಂಬತ್ತು ನಂಬರು ಸಂಕ್ರಾಂತಿಯವರೆಗೂ ಬರುವುದಿಲ್ಲ ಎಂದುಕೊಂಡೆವು. ಆದರೆ ಮರುದಿನ ನೀಲವ್ವ ಬಂದಳು. ಅವಳ ಹಿಂದೆ, ಬಾಗಿಲು ತುಂಬಿಕೊಂಡು, ಕೈಯಲ್ಲಿ ಬಡಿಗೆ ಹಿಡಿದು, ಗಿರಿಜಾ ಮೀಸೆಯ ಒಬ್ಬ ಮನುಷ್ಯ ಬಂದರು. ಹಿರೇರು! ಸುಗ್ಗಿಯ ದಿನ, ಮನೆಯ ಗಂಡಸರೆಲ್ಲ ಹೊಲದಲ್ಲಿ. ಜೋಡಿ ಒಂದು ಹಿರಿಯ ಜೀವ ಇರಬೇಕೆಂಬ ಕಟ್ಟಳೆ ಅವರದೇ. ಸಂಕ್ರಾಂತಿತನಕ ಹೋಗಲಿ ಎಂಬ ಮಾತೂ ಅವರದೇ. ಕೊಟ್ಟ ಮಾತು ತಾವೇ ಮುರಿಯುವವರಲ್ಲ. ಹಾಗಾಗಿ ತಾವೇ ಬಂದಿದ್ದರು.

ಹಿರೇರು ಚಪ್ಪಲಿ ಬಿಡಲಿಲ್ಲ. ಕೊನೆಯ ಬೆಂಚಿನಲ್ಲಿ ನನ್ನ ಮಗ್ಗುಲಿಗೆ ಕೂತರು. ನಾನು ಬೆಂಚಿನ ತುದಿಗೆ ಸರಿದೆ. ಮೊದಲ ಪಾಠ ಮುಗಿಯುವಷ್ಟರಲ್ಲಿ ಅವರ ಗದ್ದ ಬಡಿಗೆಯ ಮೇಲೆ ಬಂದಿತ್ತು. ಬಸ್ಸಿನಲ್ಲಿ ಅವರು ಹುಡುಗಿಗೆ ತಾಕೀತು ಮಾಡಿದ್ದು ನಮಗೆ ಆಮೇಲೆ ತಿಳಿಯಿತು: ಹೆಣ್ಣುಮಗಳ ದನಿ ಗಂಡಸರ ನಡುವೆ ಕೇಳಬಾರದು.

ಅರ್ಥಶಾಸ್ತ್ರದ ಸರ್ ಬಂದರು. ತಲೆ ಬಗ್ಗಿಸಿ ನಂಬರು ಕೂಗುತ್ತ ಬಂದರು. "ಥರ್ಟಿ ನೈನ್!"

ನೀಲವ್ವನ ತುಟಿ ಅಲುಗಾಡಿರಬೇಕು. ದನಿ ಬರಲಿಲ್ಲ.

"ಥರ್ಟಿ ನೈನ್?... ಆಬ್ಸೆಂಟ್."

ಹಿರೇರಿಗೆ ಎಚ್ಚರವಾಯಿತು. ಹುಡುಗಿಯ ನಂಬರು ಯಾವುದೆಂದು ಬೆಳಗ್ಗೆಯೇ ನನ್ನನ್ನು ಕೇಳಿಟ್ಟುಕೊಂಡಿದ್ದರು. ನನ್ನ ಕಡೆ ಬಗ್ಗಿ, "ತಮ್ಮಾ, ನಮ್ಮ ಹುಡುಗಿಗಿ ಏನಂದಾ ಅಂವ?" ಎಂದರು.

"ಆಬ್ಸೆಂಟ್ ಅಂದ್ರರಿ."

"ಅಂದ್ರ?"

ಬಂದಿಲ್ಲ ಎನ್ನಬೇಕಿತ್ತು. ಅವರ ಮೀಸೆಯ ಹೆದರಿಕೆಗೆ ನನ್ನ ಬಾಯಿಂದ ಅರ್ಧವೇ ಹೊರಟಿತು. "ಇಲ್ಲ... ಇಲ್ಲ ಅಂತ್ರಿ."

"ಇಲ್ಲ ಅಂತ?" ಹಿರೇರು ಎದ್ದು ನಿಂತರು. ಬಡಿಗೆ ಬೆಂಚಿಗೆ ಬಡಿದು ಸದ್ದಾಯಿತು. "ಏ ಮಾಸ್ತರ! ಅದಾಳ್ರೀ! ಕಣ್ಣೆದುರಿಗೆ ಕುಂತಾಳ, ಇಲ್ಲ ಅಂತ ಹೆಂಗ ಬರಕೋತೀರಿ?"

ಸರ್ ಕನ್ನಡಕ ಸರಿಮಾಡಿಕೊಂಡರು. "ಯಜಮಾನ್ರೇ, ನೀವು ಹೇಳಿದ್ರೆ ಆಗಲ್ಲ. ಆಕೇನೇ ಹೇಳ್ಬೇಕು. ಇದು ಕಾಲೇಜಿನ ರೂಲು."

ಹಿರೇರು ಸರ್ ಕಡೆ ನೋಡಿದರು. ಮುಂದಿನ ಬೆಂಚಿನ ಬಗ್ಗಿದ ಜಡೆಯ ಕಡೆ ನೋಡಿದರು. ಅವರ ಮೀಸೆ ಅದುರಿದ್ದನ್ನು ನಾನು ಹತ್ತಿರದಿಂದ ಕಂಡೆ.

"ಅವ್ವಾ," ಎಂದರು. "ಒದರವ್ವಾ. ಅದೇನಿ ಅನ್ನು."

ನೀಲವ್ವ ಎದ್ದು ನಿಂತಳು. ಹಿಂತಿರುಗಿ ದೊಡ್ಡಪ್ಪನ ಮುಖ ನೋಡಿದಳು. ಆಮೇಲೆ ಅವಳು ಕೂಗಿದ್ದು ಮಗ್ಗುಲಿನ ತರಗತಿಗೂ ಕೇಳಿತಂತೆ. "ಅದೇನ್ರೀ ಸರಾ!"

ಸರ್ ಸೊನ್ನೆಯನ್ನು ತಿದ್ದಿ ಗೀಟು ಎಳೆದರು. ಹಿರೇರು ಕೂತರು. ಆ ದಿನ ಮತ್ತೆ ಅವರಿಗೆ ನಿದ್ದೆ ಬರಲಿಲ್ಲ. ಮಧ್ಯಾಹ್ನ ಬುತ್ತಿಯನ್ನೂ ಬಿಚ್ಚಲಿಲ್ಲ.

ಮರುದಿನ ನೀಲವ್ವ ಒಬ್ಬಳೇ ಬಂದಳು. ಅದರ ಮರುದಿನವೂ ಒಬ್ಬಳೇ. ಕೇಳಿದರೆ, "ದೊಡ್ಡಪ್ಪ ಹೋಗು ಅಂದಾನ" ಎಂದಷ್ಟೇ ಹೇಳಿ ನಕ್ಕಳು. ಮನೆಯಲ್ಲಿ ನಡೆದದ್ದನ್ನು ನಾವು ತಿಳಿದದ್ದು ಕಾಕಾ ಕಾಲಿಗೆ ಪಟ್ಟಿ ಸುತ್ತಿಕೊಂಡು, ಕೊಡೆ ಊರಿಕೊಂಡು, ನಮ್ಮನ್ನು ನೋಡಲು ಬಂದಾಗ.

"ಅಣ್ಣ ಆ ಸಂಜಿಕ ಬಂದಾವ ಪಟಕಾನೂ ಬಿಚ್ಚಲಿಲ್ಲಪಾ" ಎಂದರು. "ನಾ ಮಲಗಿದ್ದ ಹೊರಸಿನ ತುದೀಗೆ ಕುಂತಾ. 'ತಮ್ಮಾ, ಅಂವ ನಮ್ಮವ್ವನ್ನ ಇಲ್ಲ ಅಂತ ಬರಕೊಂಡಿದ್ದನೋ' ಅಂದಾ. ಅಷ್ಟ ಅಂದು ಸಣ್ಣ ಹುಡುಗನಂಗ ಅತ್ತಾ."

ಕಾಕಾ ನಿಧಾನಕ್ಕೆ ಹೇಳಿದರು. ಅವರ ತಾಯಿ ತೀರಿಕೊಂಡಾಗ ಹಿರೇರು ಇನ್ನೂ ಹರೆಯದವರು. ಹತ್ತಿಯ ಬಂಡಿ ಹೊಡೆದುಕೊಂಡು ಹುಬ್ಬಳ್ಳಿಗೆ ಹೋಗಿದ್ದರು. ತಿರುಗಿ ಬರುವಷ್ಟರಲ್ಲಿ ಮಣ್ಣು ಮುಗಿದಿತ್ತು. ಅಂಗಳದಲ್ಲಿ ಬಂಡಿ ಬಿಡುತ್ತ "ಅವ್ವಾ" ಎಂದು ಕೂಗಿದವರಿಗೆ ಬಾಗಿಲಲ್ಲಿ ನಿಂತ ಯಾರೋ ಹೇಳಿದ್ದು ಒಂದೇ ಮಾತು: ಅವ್ವ ಇಲ್ಲಪಾ.

"ಅಂದಿನಿಂದ ನಮ್ಮಣ್ಣ ಅವ್ವ ಅನ್ನೂ ಶಬ್ದನ ಬಾಯಾಗ ತಂದಿದ್ದಿಲ್ಲ. ಈ ಹುಡುಗಿ ಹುಟ್ಟಿದಾಗ ಹೆಸರ ಇಟ್ಟಾಂವ ಅವನ. ಆದ್ರ 'ಏ ಹುಡುಗಿ' ಅಂತ ಕರೀತಿದ್ದ. ಅವತ್ತ ಕಾಲೇಜಿನ್ಯಾಗ ಅವ್ವ ಅಂದಾನಂತಲ್ಲ?"

"ಅಂದ್ರು ಕಾಕಾ. ನಾ ಮಗ್ಗಲ್ದಾಗ ಇದ್ದೆ."

"ಬೆಳಗಾಗೂದ್ರಾಗ ಸವದತ್ತಿಗೆ ಮಂದಿ ಕಳಸ್ಯಾನ. ಲಗ್ನ ಪರೀಕ್ಷಾ ಮುಗದ ಮ್ಯಾಲ. ಅವರ ಒಪ್ಪಿದ್ರ ಒಪ್ಪಲಿ, ಬಿಟ್ರ ಬಿಡಲಿ ಅಂತ. 'ಪರೀಕ್ಷಾದಾಗೂ ನಮ್ಮವ್ವನ್ನ ಇಲ್ಲ ಅಂತ ಬರದ್ರ ಹೆಂಗೋ? ಮುಗಿಸೇ ಬರಲಿ' ಅಂದಾ. ನಾ ಅಂದೆ, ಹೂಂ."

ಇಷ್ಟು ಹೇಳಿ ಎದ್ದು ಹೊರಟರು. ಆಗ ಮುರಗೋಡದವರಲ್ಲಿ ಒಬ್ಬ ನನ್ನ ಕಿವಿಯಲ್ಲಿ, "ಬಲಗಾಲ ಉಳುಕೇತಿ ಅಂತ ಹೇಳಿದ್ರಲ್ಲ?" ಎಂದ. ಪಟ್ಟಿ ಎಡಗಾಲಿನಲ್ಲಿತ್ತು. ನಾನು ಕೂಗಿ ಕೇಳಿದೆ, "ಕಾಕಾ, ಉಳುಕಿದ್ದು ಯಾವ ಕಾಲರಿ?"

ಕಾಕಾ ನಿಂತು ಎರಡೂ ಕಾಲು ನೋಡಿಕೊಂಡರು. "ಎರಡೂ ನನ್ನೂವ ಅದಾವಲ್ಲಪಾ" ಎಂದು, ಕೊಡೆಯನ್ನು ಬಗಲಿಗೆ ಏರಿಸಿ, ಬಸ್ಸು ಹಿಡಿಯಲು ದಾಪುಗಾಲು ಹಾಕಿದರು.

ಸವದತ್ತಿಯವರು ಕಾದರು. ನೀಲವ್ವ ಪರೀಕ್ಷೆ ಬರೆದು ಪಾಸಾದ ಮೇಲೆಯೇ ಲಗ್ನವಾಯಿತು. ನಾವೆಲ್ಲ ಹೋಗಿ ಉಂಡು ಬಂದೆವು. ಮಾದಲಿ ಬಡಿಸುತ್ತ ಪಂಕ್ತಿಯಲ್ಲಿ ಓಡಾಡಿದವರು ಹಿರೇರೇ. ನೀಲವ್ವ ಮುಂದೆ ಬಿ.ಎಡ್. ಮಾಡಿ ಸುರೇಬಾನದಲ್ಲಿ ಹೈಸ್ಕೂಲು ಮಾಸ್ತರಿಕೆ ಹಿಡಿದಳು. ನನಗೂ ಅದೇ ಸುಮಾರಿಗೆ ರಾಮದುರ್ಗದ ಕಚೇರಿಯಲ್ಲಿ ನೌಕರಿ ಆಯಿತು. ಕಾಕಾ ಈಗಿಲ್ಲ. ಹಿರೇರು ಹೋಗಿ ಕೆಲವು ವರ್ಷಕ್ಕೆ ಅವರೂ ಹೋದರು, ಅಣ್ಣ ಕರೆದದ್ದಕ್ಕೆ ಹೂಂ ಎಂದವರಂತೆ. ಅವರು ಇದ್ದಾಗಿನ ಒಂದು ಬೆಳಗನ್ನು ಹೇಳಿ ಮುಗಿಸುತ್ತೇನೆ.

ಎಪ್ಪತ್ತರ ದಶಕ ಮುಗಿಯಲು ಬಂದಿತ್ತು. ರಾಮದುರ್ಗದ ಬಸ್ ಸ್ಟ್ಯಾಂಡಿನಲ್ಲಿ ಒಂದು ಕೊಡೆ ಕಂಡಿತು, ಅದರ ಹಿಂದೆ ಕಾಕಾ.

"ಸುರೇಬಾನಕ್ಕ ಹೊಂಟೇನಪಾ" ಎಂದರು. "ಅವ್ವ ಪಾಠಾ ಹೇಳ್ತಾಳಂತ ಕಿವೀಲೆ ಕೇಳೇನಿ, ಕಣ್ಣೀಲೆ ನೋಡಿಲ್ಲ."

ನಾನೂ ಜೊತೆಗೆ ಬಸ್ಸು ಹತ್ತಿದೆ. ಶಾಲೆಯ ಬಾಗಿಲಲ್ಲಿ ಜವಾನ ಯಾರು ಬೇಕೆಂದು ಕೇಳಿದಾಗ ಕಾಕಾ ನನ್ನ ಮುಖ ನೋಡಿದರು. ಹೆಸರು ನಾನು ಹೇಳಿದೆ. ಹೆಡ್ ಮಾಸ್ತರರು ಒಳ್ಳೆಯವರು, ಹಿಂದೆ ಕೂತು ಕೇಳಿರೆಂದರು. ಕಾಕಾ ಚಪ್ಪಲಿ ಹೊರಗೆ ಬಿಟ್ಟು, ಕೊಡೆ ಬೆಂಚಿನ ಕೆಳಗಿಟ್ಟು, ಕಾಲು ಮಡಚಿ ಕೊನೆಯ ಬೆಂಚಿನಲ್ಲಿ ಕೂತರು. ನಾನು ಮಗ್ಗುಲಿಗೆ. ನೀಲವ್ವ ಇನ್ನೂ ಬಂದಿರಲಿಲ್ಲ. ನಸುಕಿನ ಬಸ್ಸು ಹಿಡಿದು ಬಂದ ಆಯಾಸ. ಅವಳು ಬರುವಷ್ಟರಲ್ಲಿ ಕಾಕಾಗೆ ಜೋಂಪು ಹತ್ತಿತ್ತು.

ನೀಲವ್ವ ನಮ್ಮನ್ನು ಕಂಡಳು, ಕಂಡದ್ದನ್ನು ಮುಖದಲ್ಲಿ ತೋರಿಸದೆ ಹಾಜರಿ ಪುಸ್ತಕ ತೆರೆದು ನಂಬರು ಕೂಗತೊಡಗಿದಳು. ಮಕ್ಕಳು ಒಬ್ಬೊಬ್ಬರೇ "ಅದೇನ್ರಿ ಅಕ್ಕಾರ" ಎನ್ನುತ್ತಿದ್ದರು. ಹಾಜರಿಯ ದನಿ ಕಿವಿಗೆ ಬಿದ್ದದ್ದೇ ನನ್ನ ಮೊಣಕೈ ತನ್ನ ಹಳೆಯ ಕೆಲಸ ಮಾಡಿಬಿಟ್ಟಿತು. ಕಾಕಾ ಬೆಚ್ಚಿ ಎದ್ದು ನಿಂತರು. ಎಲ್ಲಿದ್ದೇನೆಂದು ತಿಳಿಯುವ ಮುನ್ನವೇ, ಹೊಲದ ಬದುವಿನಿಂದ ಬದುವಿಗೆ ಕೂಗುವ ಆ ದನಿಯಲ್ಲಿ, "ಅದಾಳ್ರೀ ಸರಾ!" ಎಂದರು.

ಮಕ್ಕಳು ಗೊಳ್ಳೆಂದು ನಕ್ಕರು. ನೀಲವ್ವ ಪುಸ್ತಕದಿಂದ ತಲೆ ಎತ್ತಿದಳು.

"ಅದೇನಿ, ಯಪ್ಪಾ" ಎಂದಳು.

ಆಮೇಲೆ ಉಳಿದ ನಂಬರುಗಳನ್ನು ಕೂಗಿ ಮುಗಿಸಿ, ಪಾಠ ಶುರು ಮಾಡಿದಳು.